ಹತ್ತು ಹನ್ನೆರಡು ಜನರ ಮುಂದೆ ಚೀಟಿ ಪ್ರಶ್ನೋತ್ತರ: ಪ್ರಶ್ನೆ ಹೇಳಿದ ಮೇಲೆ ಉತ್ತರ ಏನು ಕೊಡುತ್ತೀರಿ?

ಮಲ್ಲೇಶ್ವರದ ಮಾಯಾವಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಹವ್ಯಾಸಕ್ಕಾಗಿ ಮೆಂಟಲಿಸಂ, ಅಂದರೆ ಮನಸ್ಸನ್ನು ಓದುವಂತೆ ತೋರಿಸುವ ಜಾದೂ, ಪ್ರದರ್ಶನ ನೀಡುವವನು. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್, ನಿವೃತ್ತಿಯ ಬೀಳ್ಕೊಡುಗೆ, ಗೃಹಪ್ರವೇಶದ ಸಂಜೆ, ಇಂಥ ಕಡೆಗಳಲ್ಲಿ ಹತ್ತರಿಂದ ಹದಿನೈದು ಜನರ ಮುಂದೆ ಮಾತ್ರ ಮಾಡುತ್ತೇನೆ. ಈಚೆಗೆ ಪ್ರಶ್ನೋತ್ತರವನ್ನೂ ಸೇರಿಸಿಕೊಂಡಿದ್ದೇನೆ. ಅತಿಥಿಗಳು ಮನಸ್ಸಿನಲ್ಲಿರುವ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಮಡಿಸಿ ಬಟ್ಟಲಿಗೆ ಹಾಕುತ್ತಾರೆ. ನಾನು ಒಂದೊಂದನ್ನೇ ಕೈಗೆತ್ತಿಕೊಂಡು, ಬರೆದವರ ಹೆಸರಿನ ಮೊದಲ ಅಕ್ಷರವನ್ನೂ ಪ್ರಶ್ನೆಯನ್ನೂ ಹೇಳಿ, ಕೊನೆಗೆ ಒಂದು ಉತ್ತರವನ್ನೂ ಕೊಡುತ್ತೇನೆ.

ಪ್ರಶ್ನೆಯನ್ನು ತಿಳಿದುಕೊಳ್ಳುವ ವಿಧಾನದ ಬಗ್ಗೆ ನಾನು ಕೇಳುತ್ತಿಲ್ಲ, ಅದನ್ನು ಇಲ್ಲಿ ಬಿಡಿಸಿ ಬರೆಯುವುದೂ ಬೇಡ. ತೊಡಕಿರುವುದು ಉತ್ತರದಲ್ಲಿ. ‘ಮಗನ ವೀಸಾ ಯಾವಾಗ ಬರುತ್ತದೆ’ ಎಂಬ ಚೀಟಿಗೆ ನಾನು ಏನೋ ಹಗುರವಾಗಿ ಹೇಳಿದರೆ, ಊಟದ ಹೊತ್ತಿಗೆ ಆ ತಾಯಿ ಪಕ್ಕಕ್ಕೆ ಕರೆದು, ‘ಸ್ವಲ್ಪ ಸರಿಯಾಗಿ ನೋಡಿ ಹೇಳಿ, ತಿಂಗಳು ಗೊತ್ತಾದರೆ ಸಾಕು’ ಎನ್ನುತ್ತಾರೆ. ಇದು ಕೇವಲ ಮನರಂಜನೆ ಎಂದು ಮೊದಲೇ ಹೇಳಿರುತ್ತೇನೆ, ಆದರೂ ಹೀಗಾಗುತ್ತದೆ. ಸಣ್ಣ ಗುಂಪಿನಲ್ಲಿ ಎಷ್ಟು ಚೀಟಿಗಳಿಗೆ ಉತ್ತರಿಸಬೇಕು, ಎಂಥ ಪ್ರಶ್ನೆಗಳನ್ನು ಬರೆಸಬೇಕು, ಉತ್ತರದ ಧಾಟಿ ಹೇಗಿರಬೇಕು ಎಂಬುದನ್ನು ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಚೀಟಿಪ್ರಿಯ

ಮಾಯಾವಿಯವರೇ, ಮೊದಲು ಲೆಕ್ಕ ನೋಡಿ. ಇನ್ನೂರು ಜನರ ಸಭಾಂಗಣದಲ್ಲಿ ಹದಿನೈದು ಚೀಟಿಗಳಿಗೆ ಉತ್ತರಿಸಿದರೆ ಉಳಿದವರು ತಮ್ಮ ಸರದಿ ಬರಲಿಲ್ಲವೆಂದು ಸುಮ್ಮನಾಗುತ್ತಾರೆ, ಮತ್ತು ಕಷ್ಟದ ಚೀಟಿಯೊಂದನ್ನು ನೀವು ಕೈಬಿಟ್ಟದ್ದು ಯಾರಿಗೂ ತಿಳಿಯುವುದಿಲ್ಲ. ಹನ್ನೆರಡು ಜನರ ಕೋಣೆಯಲ್ಲಿ ಹನ್ನೆರಡೂ ಜನ ತಮ್ಮ ಚೀಟಿಗಾಗಿಯೇ ಕಾಯುತ್ತಿರುತ್ತಾರೆ. ಒಬ್ಬರನ್ನು ಬಿಟ್ಟರೂ ಅವರಿಗೆ ಅವಮಾನವಾಗುತ್ತದೆ, ಎಲ್ಲರಿಗೂ ಉತ್ತರಿಸಿದರೆ ತಲಾ ಮೂರು ನಿಮಿಷದಂತೆ ಅರ್ಧ ಗಂಟೆಗೂ ಮೀರಿ ಹೋಗಿ ಐದನೆಯ ಚೀಟಿಯ ಹೊತ್ತಿಗೆ ಆಕಳಿಕೆ ಶುರುವಾಗುತ್ತದೆ. ಆದ್ದರಿಂದ ಎಲ್ಲರಿಗೂ ಚೀಟಿ ಕೊಡಲೇಬಾರದು. ನಾಲ್ಕು ಅಥವಾ ಐದು ಜನರಿಗೆ ಮಾತ್ರ ಕೊಟ್ಟು, ಉಳಿದವರನ್ನು ಸಾಕ್ಷಿಗಳೆಂದು ಕೂರಿಸಿ.

ಇನ್ನೊಂದು ವಿಷಯ. ಹೇಳಿದ್ದನ್ನು ಖಚಿತಪಡಿಸುವ ನೆಪದಲ್ಲಿ ಮುಂದಿನ ಚೀಟಿಯನ್ನು ಓದಿಕೊಳ್ಳುವ, ಅಂದರೆ ಸದಾ ಒಂದು ಚೀಟಿ ಮುಂದಿರುವ, ಹಳೆಯ ಪದ್ಧತಿ ದೊಡ್ಡ ವೇದಿಕೆಗೆ ಸರಿ. ನಾಲ್ಕು ಅಡಿ ದೂರದಲ್ಲಿ ಕುಳಿತವರು, ಪ್ರತಿ ಬಾರಿಯೂ ಉತ್ತರ ಹೇಳಿದ ನಂತರವೇ ಚೀಟಿ ಬಿಚ್ಚಿ ನೋಡುತ್ತಾರಲ್ಲ ಎಂದು ಮೂರನೆಯ ಚೀಟಿಗೇ ಗಮನಿಸುತ್ತಾರೆ.

ಹಳೆಯ ಪರದೆ

ವಿಧಾನ ಬಿಡಿಸಿ ಬರೆಯಬೇಡಿ ಎಂದು ಕೇಳಿಕೊಂಡ ಮೇಲೂ ಮೊದಲ ಪ್ರತಿಕ್ರಿಯೆಯಲ್ಲೇ ಬರೆದಿರಿ.

ಚೀಟಿಪ್ರಿಯ

ಪರದೆಯವರೇ, ನೂರು ವರ್ಷಗಳಿಂದ ಅಚ್ಚಾಗುತ್ತಿರುವುದನ್ನು ನಾನು ಹೇಳಿದೆ. ಮೆಂಟಲಿಸ್ಟ್ ಟೋನಿ ಕೊರಿಂಡಾ ತಮ್ಮ ಹದಿಮೂರು ಭಾಗಗಳ ಪಾಠದಲ್ಲಿ ಒಂದು ಇಡೀ ಭಾಗವನ್ನು ಪ್ರಶ್ನೋತ್ತರಕ್ಕೇ ಮೀಸಲಿಟ್ಟಿದ್ದಾರೆ. ಇಲ್ಲಿ ಗುಟ್ಟೆಂಬುದು ಉಳಿದಿರುವುದು ಕೈಚಳಕದಲ್ಲಿ ಅಲ್ಲ, ಮಾತಿನಲ್ಲಿ.

ಕರಾವಳಿ ಕೌತುಕ

ನಮ್ಮ ಕಡೆ ನೀವು ಎದುರಿಸುವ ಸಮಸ್ಯೆ ಇನ್ನೂ ಗಾಢವಾಗಿದೆ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಪ್ರಶ್ನೆ ಇಡುವುದೆಂದರೆ ಮನೆಯವರೆಲ್ಲ ಸೇರಿ, ದೀಪ ಹಚ್ಚಿ, ದೈವಜ್ಞರ ಮುಂದೆ ಕೂರುವ ಕೆಲಸ. ಅಷ್ಟಮಂಗಲ ಪ್ರಶ್ನೆಯಾದರೆ ದೇವಸ್ಥಾನದ ಜೀರ್ಣೋದ್ಧಾರವೇ ಅದರ ಮೇಲೆ ನಿರ್ಧಾರವಾಗುತ್ತದೆ. ಕವಡೆ ಎಣಿಸಿ ಉತ್ತರ ಹೇಳುವುದನ್ನು ಚಿಕ್ಕಂದಿನಿಂದ ನೋಡಿದ ಜನರ ಮುಂದೆ ನೀವು ಸೂಟು ಹಾಕಿಕೊಂಡು ‘ನಿಮ್ಮ ಮನಸ್ಸಿನ ಪ್ರಶ್ನೆ ಬರೆಯಿರಿ’ ಎಂದರೆ, ಅವರ ಕಿವಿಗೆ ಬೀಳುವುದು ಆಟದ ಆಹ್ವಾನವಲ್ಲ. ಬಯಲುಸೀಮೆಯಲ್ಲಿಯೂ ಕೊರವಂಜಿಯ ಕಣಿ, ಬುಡಬುಡಿಕೆಯವರ ನುಡಿ, ಗಿಣಿಶಾಸ್ತ್ರ ಎಲ್ಲವೂ ಇವೆ. ಆ ನಂಬಿಕೆಯ ಮೇಲೆಯೇ ನಿಮ್ಮ ಪ್ರದರ್ಶನ ನಿಲ್ಲುವುದರಿಂದ, ಪರಿಣಾಮವೂ ಅದಕ್ಕೆ ತಕ್ಕಂತೆಯೇ ಇರುತ್ತದೆ.

ಹಳೆಯ ಪರದೆ

ಕೌತುಕದವರ ಮಾತಿಗೆ ಒಂದು ವಿಚಿತ್ರವಾದ ಇತಿಹಾಸವಿದೆ. ಈ ಪ್ರದರ್ಶನವನ್ನು ಮೊದಲು ವೇದಿಕೆಗೆ ತಂದವರೆಂದು ಹೆಸರಾದ ಅಮೆರಿಕದ ಸ್ಯಾಮ್ರಿ ಬಾಲ್ಡ್ವಿನ್ ತಮ್ಮನ್ನು ‘ಬಿಳಿಯ ಮಹಾತ್ಮ’ ಎಂದು ಕರೆದುಕೊಂಡರು. ಅವರ ನಂತರ ಬಂದ ಅಲೆಕ್ಸಾಂಡರ್ ಕಾನ್ಲಿನ್ ಪೇಟ ಸುತ್ತಿ, ನಿಲುವಂಗಿ ತೊಟ್ಟು, ಸ್ಫಟಿಕದ ಗೋಳ ಹಿಡಿದು, ‘ಎಲ್ಲವನ್ನೂ ಬಲ್ಲವನು’ ಎಂದು ಭಿತ್ತಿಪತ್ರ ಹಚ್ಚಿಸಿ 1910 ಮತ್ತು 1920ರ ದಶಕಗಳಲ್ಲಿ ಅಪಾರ ಹಣ ಗಳಿಸಿದರು. ಭಾರತೀಯರೆಂದು ನಟಿಸಿದ ಅಮೆರಿಕನ್ನರಿಂದ ನಾವು ಬೆಂಗಳೂರಿನಲ್ಲಿ ಕುಳಿತು ಈ ವಿದ್ಯೆಯನ್ನು ಕಲಿಯುತ್ತಿದ್ದೇವೆ, ಮತ್ತು ನಮ್ಮ ಪ್ರೇಕ್ಷಕರಿಗೆ ಆ ಪೇಟದ ಅಗತ್ಯವೂ ಇಲ್ಲ.

ನಾಲ್ಕನೇ ಸಾಲು

ಆನ್ನಾ ಇವಾ ಫೇ ಮೊದಲನೆಯವರಲ್ಲವೇ?

ಹಳೆಯ ಪರದೆ

ಅಲ್ಲ. ಫೇ ಅವರ ಮೊದಲ ಖ್ಯಾತಿ ಪ್ರೇತ ಮಾಧ್ಯಮದ್ದು, ಅಂದರೆ ಸತ್ತವರ ಆತ್ಮಗಳೊಡನೆ ಸಂಪರ್ಕವಿರುವವರೆಂದು. 1875ರಲ್ಲಿ ಲಂಡನ್ನಿನಲ್ಲಿ ವಿಜ್ಞಾನಿ ವಿಲಿಯಂ ಕ್ರೂಕ್ಸ್, ಫೇ ಅವರನ್ನು ಪರೀಕ್ಷಿಸಿ ನಿಜವೆಂದೇ ನಂಬಿದರು. ಬಟ್ಟೆ ಮುಚ್ಚಿಕೊಂಡು ಕುಳಿತು ಸಭಿಕರ ಪ್ರಶ್ನೆಗಳಿಗೆ ಉತ್ತರಿಸುವ ಪ್ರದರ್ಶನ ಅವರನ್ನು ಸಿರಿವಂತರನ್ನಾಗಿಸಿದ್ದು ಆಮೇಲೆ. ವೃದ್ಧಾಪ್ಯದಲ್ಲಿ, 1924ರಲ್ಲಿ, ಜಾದೂಗಾರ ಹೂಡಿನಿಯವರಿಗೆ ತಮ್ಮ ಉಪಾಯಗಳನ್ನು ತಾವೇ ಹೇಳಿದರು.

ಮನೋವಿಜ್ಞಾನದ ಮೇಷ್ಟ್ರು

ಮೂಲ ಪ್ರಶ್ನೆಗೆ ಬರೋಣ. ಉತ್ತರ ಏಕೆ ನಾಟುತ್ತದೆ ಎಂಬುದು ತಿಳಿದರೆ ಏನು ಹೇಳಬಾರದು ಎಂಬುದೂ ತಿಳಿಯುತ್ತದೆ. 1948ರಲ್ಲಿ ಮನೋವಿಜ್ಞಾನಿ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ನಡೆಸಿ, ಪ್ರತಿಯೊಬ್ಬರಿಗೂ ಅವರವರದೇ ವರದಿಯೆಂದು ಒಂದೇ ಬರಹವನ್ನು ಹಂಚಿದರು. ಅದು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಆಯ್ದ ಸಾಲುಗಳ ಸಂಗ್ರಹ. ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದಾಗ ಸರಾಸರಿ 4.26 ಬಂತು.

ಇದಕ್ಕಿಂತ ನಿಮಗೆ ಹತ್ತಿರದ ಉದಾಹರಣೆ ರೇ ಹೈಮನ್ ಅವರದು. ಹದಿಹರೆಯದಲ್ಲಿ ಹಸ್ತಸಾಮುದ್ರಿಕ ಹೇಳಿ ಹಣ ಗಳಿಸುತ್ತಿದ್ದ ಅವರಿಗೆ, ಕೇಳುವವರ ಮೆಚ್ಚುಗೆ ನೋಡಿ ನೋಡಿ ರೇಖೆಗಳಲ್ಲಿ ನಿಜವಾಗಿಯೂ ಏನೋ ಇದೆಯೆಂಬ ನಂಬಿಕೆ ಬಂದಿತ್ತು. ವೃತ್ತಿಪರ ಮೆಂಟಲಿಸ್ಟ್ ಸ್ಟಾನ್ಲಿ ಜಾಕ್ಸ್, ರೇಖೆ ಹೇಳುವುದಕ್ಕೆ ವಿರುದ್ಧವಾದದ್ದನ್ನೇ ಒಮ್ಮೆ ಹೇಳಿ ನೋಡು ಎಂದು ಸೂಚಿಸಿದರು. ಹೈಮನ್ ಹಾಗೆಯೇ ಮಾಡಿದಾಗ ಮೆಚ್ಚುಗೆ ಸ್ವಲ್ಪವೂ ಕಡಿಮೆಯಾಗಲಿಲ್ಲ. ಅವರು ಮುಂದೆ ಮನೋವಿಜ್ಞಾನದ ಪ್ರಾಧ್ಯಾಪಕರಾಗಿ ಕೋಲ್ಡ್ ರೀಡಿಂಗ್ (ಅಪರಿಚಿತರ ಬಗ್ಗೆ ಎಲ್ಲ ಬಲ್ಲವರಂತೆ ಮಾತಾಡುವ ಚಾತುರ್ಯ) ಕುರಿತು ಗಂಭೀರವಾಗಿ ಬರೆದವರು. ಅರ್ಥ ತುಂಬುವವರು ಕೇಳುಗರೇ ಆಗಿರುವುದರಿಂದ, ನೀವು ಸಡಿಲವಾಗಿ ಹೇಳಿದ ಮಾತು ಮನೆಗೆ ಹೋಗುವ ಹೊತ್ತಿಗೆ ಖಚಿತ ಭವಿಷ್ಯವಾಗಿರುತ್ತದೆ ಎಂಬುದನ್ನು ಮರೆಯಬೇಡಿ. ‘ಬೇಸಿಗೆಯ ಆಸುಪಾಸು’ ಎಂದು ನೀವು ಹೇಳಿದ್ದು ‘ಏಪ್ರಿಲ್ 15’ ಎಂದು ನೆನಪಾಗುತ್ತದೆ.

ತುಮಕೂರಿನ ವಿಚಾರವಾದಿ

ಇಷ್ಟೆಲ್ಲ ತಿಳಿದ ಮೇಲೂ ಏಕೆ ಮಾಡಬೇಕು? ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆಂದು ಸಮಿತಿಯನ್ನೇ ರಚಿಸಿದ ನಾಡು ಇದು. ಚೀಟಿಯ ಆಟ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಪ್ರಾರ್ಥನೆಯಿಂದ ಕಾಯಿಲೆ ವಾಸಿಮಾಡುತ್ತೇನೆ ಎನ್ನುತ್ತಿದ್ದ ಅಮೆರಿಕದ ಧರ್ಮಪ್ರಚಾರಕ ಪೀಟರ್ ಪೊಪೋಫ್ ಅವರ 1986ರ ಪ್ರಕರಣವಿದೆ. ಭಕ್ತರು ಸಭೆಗೆ ಮೊದಲು ತಮ್ಮ ಹೆಸರು, ವಿಳಾಸ, ಕಾಯಿಲೆಗಳನ್ನು ಪ್ರಾರ್ಥನೆಯ ಚೀಟಿಯಲ್ಲಿ ಬರೆದುಕೊಡುತ್ತಿದ್ದರು. ಪೊಪೋಫ್ ಅವರ ಪತ್ನಿ ಅದನ್ನು ರೇಡಿಯೊ ಮೂಲಕ ಗಂಡನ ಕಿವಿಗೆ ಓದುತ್ತಿದ್ದರು. ಪೊಪೋಫ್ ದೇವರೇ ತಿಳಿಸಿದಂತೆ ಭಕ್ತರನ್ನು ಕರೆಯುತ್ತಿದ್ದರು. ಜೇಮ್ಸ್ ರ‍್ಯಾಂಡಿ ತಂಡದವರು 39.17 ಮೆಗಾಹರ್ಟ್ಸ್ ತರಂಗಾಂತರದಲ್ಲಿ ಆ ಧ್ವನಿಯನ್ನು ಹಿಡಿದು ದೂರದರ್ಶನದಲ್ಲಿ ಕೇಳಿಸಿದರು. ನಿಮ್ಮ ಬಟ್ಟಲಿಗೂ ಆ ಚೀಟಿಗಳಿಗೂ ವ್ಯತ್ಯಾಸವೇನು?

ಚೀಟಿಪ್ರಿಯ

ವ್ಯತ್ಯಾಸವಿದೆ, ಸ್ವಾಮಿ. ಪೊಪೋಫ್ ಆಟವೆಂದು ಹೇಳಲಿಲ್ಲ, ನಾವು ಹೇಳುತ್ತೇವೆ. ಆ ವಂಚನೆಯನ್ನು ಹಿಡಿದ ರ‍್ಯಾಂಡಿ ಸ್ವತಃ ಜಾದೂಗಾರರಾಗಿದ್ದರು ಎಂಬುದನ್ನೂ ತಾವು ಗಮನಿಸಬೇಕು.

ಮನೋವಿಜ್ಞಾನದ ಮೇಷ್ಟ್ರು

ಹೇಳಿದ ಮಾತ್ರಕ್ಕೆ ಸಾಕಾಗುವುದಿಲ್ಲ, ಚೀಟಿಪ್ರಿಯರೇ. ಕ್ಯಾಲಿಫೋರ್ನಿಯಾದಲ್ಲಿ ಬೆನಾಸಿ, ಸಿಂಗರ್ ಮತ್ತು ಅವರ ಸಂಗಡಿಗರು 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಬ್ಬ ಹವ್ಯಾಸಿ ಜಾದೂಗಾರ ತರಗತಿಯಲ್ಲಿ ಮನಸ್ಸನ್ನು ಓದುವ ಪ್ರದರ್ಶನ ನೀಡಿದ. ಕೆಲವು ತರಗತಿಗಳಿಗೆ ಅವನು ಜಾದೂಗಾರನೆಂದೇ ಪರಿಚಯಿಸಲಾಗಿತ್ತು. ಅಲ್ಲಿಯೂ ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಅವನಿಗೆ ಅತೀಂದ್ರಿಯ ಶಕ್ತಿಯಿದೆ ಎಂದೇ ಬರೆದರು. ಆರಂಭದ ಒಂದು ವಾಕ್ಯ ಪ್ರದರ್ಶಕನ ಮನಸ್ಸಾಕ್ಷಿಗೆ ಸಮಾಧಾನ ಕೊಡಬಹುದು, ಕೇಳುಗರ ಕಿವಿಯನ್ನು ಅದು ಮುಟ್ಟುವುದಿಲ್ಲ.

ಎಡಿಸನ್ ಕನ್ನಡಿಗ

ನ್ಯೂಜೆರ್ಸಿಯಲ್ಲಿ ಕನ್ನಡ ಕುಟುಂಬಗಳ ಕೂಟಗಳಲ್ಲಿ ಇದನ್ನು ಮಾಡುವವನು ನಾನು. ನಂಬಿಕೆ, ಅಪನಂಬಿಕೆಯ ಮಾತು ಹಾಗಿರಲಿ, ಯಾರೂ ಹೇಳದ ಒಂದು ಸಮಸ್ಯೆಯನ್ನು ಹೇಳುತ್ತೇನೆ. ದೊಡ್ಡ ಸಭೆಯಲ್ಲಿ ಚೀಟಿ ಬರೆದವರು ಉಳಿದವರಿಗೆ ಅಪರಿಚಿತರು, ಆದರೆ ಹನ್ನೆರಡು ಜನರ ಕೂಟದಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ‘ಮಗ ಮದುವೆಗೆ ಯಾವಾಗ ಒಪ್ಪುತ್ತಾನೆ’ ಎಂದು ತಾಯಿ ಬರೆದಿರುತ್ತಾರೆ, ಮಗ ಪಕ್ಕದ ಸೋಫಾದಲ್ಲಿ ಕುಳಿತಿರುತ್ತಾನೆ. ‘ಈ ಕೆಲಸ ಉಳಿಯುತ್ತದೆಯೇ’ ಎಂದು ಒಬ್ಬರು ಬರೆದಿರುತ್ತಾರೆ. ಅವರ ಎಚ್-1ಬಿ ವೀಸಾ ಆ ಕೆಲಸದ ಮೇಲೆಯೇ ನಿಂತಿದೆಯೆಂದು ಕೋಣೆಯಲ್ಲಿ ಎಲ್ಲರಿಗೂ ತಿಳಿದಿರುತ್ತದೆ, ಹೆಂಡತಿಗೆ ಮಾತ್ರ ಕೆಲಸ ಅಲುಗಾಡುತ್ತಿರುವ ವಿಷಯ ಗೊತ್ತಿರುವುದಿಲ್ಲ. ನೀವು ಪ್ರಶ್ನೆಯನ್ನು ಅಕ್ಷರಶಃ ಗಟ್ಟಿಯಾಗಿ ಹೇಳಿದಾಗ ಚಪ್ಪಾಳೆ ಬರುತ್ತದೆ, ಅವರ ಮನೆಯಲ್ಲಿ ಆ ರಾತ್ರಿ ಜಗಳವೂ ಆಗುತ್ತದೆ.

ಆದ್ದರಿಂದ ನಾನು ಪ್ರಶ್ನೆಯನ್ನು ಓದಿ ಹೇಳುವುದಿಲ್ಲ. ಬರೆದವರನ್ನು ನೋಡಿ, ‘ಇದು ಒಬ್ಬ ವ್ಯಕ್ತಿಗೆ ಸಂಬಂಧಿಸಿದ ಚಿಂತೆ, ಅವರು ನಿಮಗಿಂತ ಚಿಕ್ಕವರು, ನಿರ್ಧಾರ ಅವರ ಕೈಯಲ್ಲಿದೆ’ ಎಂದಷ್ಟೇ ಹೇಳಿ, ಅವರ ತಲೆಯಾಡುವಿಕೆಯನ್ನು ಉಳಿದವರಿಗೆ ಬಿಡುತ್ತೇನೆ. ‘ಅವರು’ ಎಂದರೆ ಮಗನೋ ಮಗಳೋ ಎಂದು ಬೇರೆಯವರಿಗೆ ತಿಳಿಯುವುದೂ ಇಲ್ಲ.

ಧಾರವಾಡದ ಅಜ್ಜ

ಎಡಿಸನ್ನಿನವರೇ, ತಮ್ಮ ಸೌಜನ್ಯ ಮೆಚ್ಚಬೇಕಾದ್ದೇ, ಆದರೆ ಅದು ಉಪ್ಪಿಲ್ಲದ ಸಾರು. ಮಡಿಸಿದ ಚೀಟಿಯಲ್ಲಿರುವ ಮಾತು ಇದ್ದಕ್ಕಿದ್ದಂತೆ ಪ್ರದರ್ಶಕನ ಬಾಯಿಂದ ಬರುವುದೇ ಇಲ್ಲಿನ ಸೋಜಿಗ. ಅದನ್ನು ತೆಗೆದುಬಿಟ್ಟರೆ ನೋಡುವವರಿಗೆ ಉಳಿಯುವುದೇನು? ಯಾರೋ ಯಾರಿಗೋ ಏನೋ ಹೇಳಿದರು, ಅವರು ತಲೆಯಾಡಿಸಿದರು. ಅದಕ್ಕೆ ಜನರು ಕೂತಲ್ಲಿಯೇ ಮೊಬೈಲು ತೆಗೆಯುತ್ತಾರೆ.

ಎಡಿಸನ್ ಕನ್ನಡಿಗ

ಅಜ್ಜನವರೇ, ಸಣ್ಣ ಗುಂಪಿನ ಲಾಭವೇ ಅದು. ತಮಗೆ ಚೆನ್ನಾಗಿ ಗೊತ್ತಿರುವ ಗೆಳತಿಯ ಮುಖ ಬದಲಾಗುವುದನ್ನು ಉಳಿದವರು ಹತ್ತಿರದಿಂದ ನೋಡುತ್ತಾರೆ. ಆ ಮುಖಕ್ಕಿಂತ ದೊಡ್ಡ ಪುರಾವೆಯನ್ನು ಚೀಟಿ ಕೊಡಲಾರದು.

ಧಾರವಾಡದ ಅಜ್ಜ

ಆ ಗೆಳತಿ ಮುಖದ ಮೇಲೆ ಏನನ್ನೂ ತೋರಿಸದವರಾಗಿದ್ದರೆ? ನಮ್ಮ ಕಡೆಯ ಹಿರಿಯರ ಮುಂದೆ ಒಮ್ಮೆ ಮಾಡಿ ನೋಡಿ, ಆಮೇಲೆ ಮಾತಾಡೋಣ.

ಕೊನೆಯ ಬೆಂಚು

ವೃತ್ತಿಯಾಗಿ ಇದನ್ನು ಮಾಡಿ ಈಗ ಬಿಟ್ಟಿರುವ ನನ್ನ ಒಂದು ಎಚ್ಚರಿಕೆಯನ್ನು ದಯವಿಟ್ಟು ಯಾರೂ ಲಘುವಾಗಿ ತೆಗೆದುಕೊಳ್ಳಬಾರದು. ಆರೋಗ್ಯದ ಪ್ರಶ್ನೆ, ಮಕ್ಕಳಾಗುವ ಪ್ರಶ್ನೆ ಇವು ಅಪಾಯಕಾರಿ ಎಂದು ಎಲ್ಲರಿಗೂ ತಿಳಿದಿದೆ. ಆದರೆ ನಿರುಪದ್ರವಿಯೆಂದು ಕಾಣುವ ‘ನನ್ನ ಸರ ಎಲ್ಲಿದೆ’ ಎಂಬ ಚೀಟಿ ಇವೆಲ್ಲಕ್ಕಿಂತ ಕೆಟ್ಟದ್ದು. ಆ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇರುತ್ತದೆ: ತೆಗೆದವರು ಯಾರು? ಮನೆಯೊಡತಿಯ ಮನಸ್ಸಿನಲ್ಲಿ ಒಂದು ಹೆಸರು ಮೊದಲೇ ಕೂತಿರುತ್ತದೆ, ಬಹಳ ಸಲ ಅದು ಮನೆಗೆಲಸದವರ ಹೆಸರು. ನೀವು ‘ವಸ್ತು ದೂರ ಹೋಗಿಲ್ಲ, ಮನೆಯೊಳಗೆ ಓಡಾಡುವವರಿಗೆ ಗೊತ್ತಿರುವ ಜಾಗದಲ್ಲಿದೆ’ ಎಂದು ಜಾಣತನದಿಂದ ಸಡಿಲವಾದ ಉತ್ತರ ಕೊಟ್ಟರೂ, ಅದು ಅಲ್ಲಿಯೇ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿರುವ ಒಬ್ಬ ಹೆಣ್ಣುಮಗಳ ಮೇಲೆ ಹೋಗಿ ಬೀಳುತ್ತದೆ. ಅಂಜನ ಹಾಕಿ ಕಳ್ಳನನ್ನು ತೋರಿಸುವ ಪದ್ಧತಿಯನ್ನು ನಮ್ಮ ಹಿರಿಯರು ನಂಬಿದ್ದರು. ಅದರ ನೆರಳು ನಿಮ್ಮ ಮಾತಿನ ಮೇಲೂ ಇದೆ. ಕಳೆದ ವಸ್ತುವಿನ ಚೀಟಿ ಬಂದರೆ ನಾನು ಬೇರೆ ಚೀಟಿಗೆ ಹೋಗುತ್ತಿದ್ದೆ. ಯಾರಾದರೂ ಕೇಳಿದರೆ, ಅದು ನನಗೆ ಕಾಣುತ್ತಿಲ್ಲ ಎಂದು ಸೋಲೊಪ್ಪಿಕೊಳ್ಳುತ್ತಿದ್ದೆ. ಒಂದು ಸೋಲಿನಿಂದ ಪ್ರದರ್ಶನ ಕೆಡುವುದಿಲ್ಲ, ಉಳಿದವು ಇನ್ನಷ್ಟು ನಿಜವೆನಿಸುತ್ತವೆ.

ತುಮಕೂರಿನ ವಿಚಾರವಾದಿ

ಕೊನೆಯ ವಾಕ್ಯದಲ್ಲಿ ತಾವೇ ಸಿಕ್ಕಿಬಿದ್ದಿರಿ. ಸೋಲನ್ನು ಕೂಡ ನಂಬಿಸಲು ಬಳಸುತ್ತೀರಿ.

ಕೊನೆಯ ಬೆಂಚು

ಹೌದು, ಬಳಸುತ್ತಿದ್ದೆ. ರಂಗಭೂಮಿಯ ಯಾವ ಕಲೆ ನಂಬಿಸುವುದಿಲ್ಲ, ಸ್ವಾಮಿ? ನಂಬಿಕೆ ಪ್ರದರ್ಶನದೊಂದಿಗೆ ಮುಗಿಯಬೇಕು ಎಂಬುದಷ್ಟೇ ನನ್ನ ವಾದ.

ಕಾನೂನು ಕಣ್ಣು

ಕೆಲವರು ಖಾಸಗಿಯಾಗಿ ಕೇಳಿದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧ ಕರ್ನಾಟಕದಲ್ಲಿ 2017ರ ಅಧಿನಿಯಮವಿದೆ, ಅದು 2020ರಲ್ಲಿ ಜಾರಿಗೆ ಬಂತು. ಜ್ಯೋತಿಷ್ಯ ಮತ್ತು ವಾಸ್ತು ಸಲಹೆಯನ್ನೇ ಅದು ನಿಷೇಧಿಸಿಲ್ಲವಾದ್ದರಿಂದ ಚೀಟಿಯ ಮನರಂಜನೆಗೆ ಹೆದರಬೇಕಾಗಿಲ್ಲ. ಆದರೆ ಕಾಯಿಲೆ ವಾಸಿಮಾಡುತ್ತೇನೆ ಎಂಬ ಧ್ವನಿ ನಿಮ್ಮ ಕರಪತ್ರದಲ್ಲಿ ಬಂದರೆ 1954ರ ಮಾಂತ್ರಿಕ ಪರಿಹಾರಗಳ ಜಾಹೀರಾತು ಕಾಯಿದೆ ನಿಮ್ಮನ್ನು ಹುಡುಕಿಕೊಂಡು ಬರಬಹುದು.

ಮಲ್ಲೇಶ್ವರದ ಮಾಯಾವಿ

ಎಲ್ಲರಿಗೂ ಧನ್ಯವಾದಗಳು. ಕೊನೆಯ ಬೆಂಚಿನವರ ಮಾತು ನನ್ನನ್ನು ಬಹಳ ಯೋಚಿಸುವಂತೆ ಮಾಡಿದೆ. ಅಜ್ಜನವರ ಸೋಜಿಗ ಉಳಿಯಬೇಕು, ಎಡಿಸನ್ನಿನವರ ಗೌಪ್ಯತೆಯೂ ಉಳಿಯಬೇಕು ಎಂದಾದರೆ ಬರೆಸುವ ಪ್ರಶ್ನೆಯನ್ನೇ ಬದಲಿಸಬಹುದೇ? ಭವಿಷ್ಯದ ಬದಲು, ‘ನೀವು ಶಾಲೆಯಲ್ಲಿದ್ದಾಗ ಯಾರಿಗಾದರೂ ಕೇಳಬೇಕೆಂದುಕೊಂಡು ಕೇಳದೇ ಉಳಿದ ಪ್ರಶ್ನೆ’ ಎಂದು ಬರೆಸುವ ಯೋಚನೆ ಬಂದಿದೆ.

ಚೀಟಿಪ್ರಿಯ

ಬಹಳ ಒಳ್ಳೆಯ ಸೂಚನೆ. ಆಗ ಕೇಳುವವರಿಗೆ ನಿಮ್ಮಿಂದ ಸಲಹೆ ಬೇಕಾಗಿರುವುದಿಲ್ಲ, ಪ್ರಶ್ನೆಯನ್ನು ಗಟ್ಟಿಯಾಗಿ ಹೇಳಿದರೂ ನಗು ಬರುತ್ತದೆ, ಉತ್ತರವನ್ನು ಆ ಶಾಲೆಯ ಮೇಷ್ಟ್ರ ಧಾಟಿಯಲ್ಲೇ ಹೇಳಬಹುದು. ನಾಲ್ಕು ಚೀಟಿಗಳಲ್ಲಿ ಮೂರನ್ನು ಹೀಗೆ ಮಾಡಿ, ನಾಲ್ಕನೆಯದನ್ನು ಮಾತ್ರ ಸ್ವಲ್ಪ ಗಂಭೀರವಾಗಿ ಇಟ್ಟುಕೊಳ್ಳಿ.

ಧಾರವಾಡದ ಅಜ್ಜ

ಇದನ್ನು ಒಪ್ಪುತ್ತೇನೆ. ಆದರೆ ನಾಲ್ಕನೆಯ ಚೀಟಿಯಲ್ಲಿ ಮತ್ತೆ ವೀಸಾ ಬಂದೇ ಬರುತ್ತದೆ, ಅದಕ್ಕೇನು ಹೇಳುತ್ತೀರಿ?

ಮನೋವಿಜ್ಞಾನದ ಮೇಷ್ಟ್ರು

ಕಾಲ, ಮೊತ್ತ, ರೋಗ, ಮೂರನೆಯವರ ಉದ್ದೇಶ, ಈ ನಾಲ್ಕನ್ನೂ ಬಾಯಿಗೆ ತರಬಾರದು. ಉತ್ತರವನ್ನು ಕೇಳಿದವರ ಈಗಿನ ಸ್ಥಿತಿಯತ್ತ ತಿರುಗಿಸಿ: ‘ಈ ವಿಷಯವನ್ನು ನೀವು ದಿನಕ್ಕೆ ಹಲವು ಸಲ ಯೋಚಿಸುತ್ತೀರಿ, ಮನೆಯಲ್ಲಿ ಮಾತ್ರ ಧೈರ್ಯವಾಗಿರುವಂತೆ ತೋರಿಸಿಕೊಳ್ಳುತ್ತೀರಿ.’ ಇದು ಯಾವ ತಾಯಿಗೂ ನಿಜ. ಅವರಿಗೆ ತಾವು ಅರ್ಥವಾದೆವು ಎನಿಸುತ್ತದೆ, ಆದರೆ ಟಿಕೆಟ್ ಕಾಯ್ದಿರಿಸಲು ಅದರಲ್ಲಿ ಏನೂ ಇರುವುದಿಲ್ಲ. ಊಟದ ಹೊತ್ತಿಗೆ ಅವರು ಮತ್ತೆ ಕೇಳಿದರೆ, ನನಗೆ ತಿಳಿದಿದ್ದು ಚೀಟಿಯಲ್ಲಿದ್ದದ್ದು ಮಾತ್ರ, ಮುಂದಿನದು ನನಗೂ ತಿಳಿಯದು ಎಂದು ನೇರವಾಗಿ ಹೇಳಿ. ನೂರು ಜನರ ಎದುರಿನ ಪ್ರಕಟಣೆಗಿಂತ ಒಬ್ಬರಿಗೆ ಕಣ್ಣುನೋಡಿ ಹೇಳಿದ ಆ ಮಾತು ಹೆಚ್ಚು ನಾಟುತ್ತದೆ.

ನಾಲ್ಕನೇ ಸಾಲು

ಇಷ್ಟು ಹೊತ್ತು ತತ್ತ್ವ ಆಯಿತು. ಚೀಟಿಯ ಅಳತೆ, ಬರೆಯುವ ಸಾಧನದ ಬಗ್ಗೆ ಯಾರಾದರೂ ಹೇಳುತ್ತೀರಾ? ಕನ್ನಡದಲ್ಲಿ ಬರೆದರೆ ನನಗೆ ಓದಲು ಕಷ್ಟವಾಗುತ್ತಿದೆ.

ಎಡಿಸನ್ ಕನ್ನಡಿಗ

ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಮಡಿಕೆಯ ಗೆರೆ ಅವುಗಳ ಮೇಲೆಯೇ ಬೀಳುತ್ತದೆ, ಕ್ಷಣಮಾತ್ರದ ನೋಟದಲ್ಲಿ ‘ಅಪ್ಪ’ ಎಂಬುದು ‘ಅಪ’ ಎಂದು ಕಾಣುತ್ತದೆ. ನಾನು ಚೀಟಿಯ ನಡುವೆ ಒಂದೇ ಒಂದು ಗೆರೆ ಎಳೆದು, ಅದರ ಮೇಲೆ ದೊಡ್ಡದಾಗಿ ಬರೆಯಿರಿ ಎನ್ನುತ್ತೇನೆ. ಇಲ್ಲಿನ ಮಕ್ಕಳು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾರೆ, ಅದು ಓದಲು ಇನ್ನೂ ಕಷ್ಟ.

ಚೀಟಿಪ್ರಿಯ

ಎ4 ಹಾಳೆಯನ್ನು ಎಂಟಾಗಿ ಕತ್ತರಿಸಿದರೆ 74 ಮತ್ತು 105 ಮಿಲಿಮೀಟರಿನ ತುಂಡು ಬರುತ್ತದೆ, ಅದು ಸಾಕು. ಜೆಲ್ ಪೆನ್ನು ಕೊಡಬೇಡಿ, ತೆಳು ಕಾಗದದ ಹಿಂಬದಿಗೆ ಶಾಯಿ ಇಳಿದು ಚೀಟಿಯನ್ನು ಬಿಚ್ಚದೆಯೇ ಓದಬಹುದು ಎಂದು ಪ್ರೇಕ್ಷಕರೇ ಆಕ್ಷೇಪಿಸುತ್ತಾರೆ. ಪೆನ್ಸಿಲ್ ಕೊಡಿ.

ಹಳೆಯ ಪರದೆ

ಬರೆಯಲು ಆಧಾರಕ್ಕೆಂದು ಮಾತ್ರ ನಿಮ್ಮ ಪ್ಯಾಡ್ ಚಾಚಬೇಡಿ. ಫೇ ಅವರ ಕಾಲದಿಂದ ಆ ಪ್ಯಾಡಿನ ಮೇಲೆ ಸಂಶಯವಿದೆ. ಅತಿಥಿಗಳು ಮನೆಯಲ್ಲಿರುವ ವಾರಪತ್ರಿಕೆಯನ್ನೇ ಅಡಿಗೆ ಇಟ್ಟುಕೊಳ್ಳಲಿ.

ನಾಲ್ಕನೇ ಸಾಲು

ಈಗ ಯಾರ ಮನೆಯಲ್ಲಿ ವಾರಪತ್ರಿಕೆ ಇರುತ್ತದೆ, ಪರದೆಯವರೇ?

ಹಳೆಯ ಪರದೆ

ಮದುವೆಯ ಕರೆಯೋಲೆ ಇದ್ದೇ ಇರುತ್ತದೆ. ಅದು ಇನ್ನೂ ಗಟ್ಟಿ.